ಇನ್ನೂರ ಹದಿನೇಳನೆಯ ಕೈ

ಇನ್ನೂರ ಹದಿನೇಳನೆಯ ಕೈ ನಡುಗುತ್ತಿತ್ತು. ಆದರೆ ಆ ಕೈ ತೆಗೆದ ಚಿತ್ರದಲ್ಲಿ ನಡುಕದ ಸುಳಿವೇ ಇರಲಿಲ್ಲ.

ದಾಕ್ಷಾಯಣಿ ನರೇಗಲ್ಲ ಎರಡನ್ನೂ ಪರದೆಯ ಮೇಲೆ ಅಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದಳು. ಎಡಗಡೆ ಚಿತ್ರ: ಕೆರೆಯ ಅಂಚಿನಲ್ಲಿ ನಿಂತ ಹೆಬ್ಬಾತು, ಅದರ ಕೊಕ್ಕಿನ ತುದಿಯಿಂದ ಇನ್ನೇನು ಬೀಳಲಿರುವ ನೀರಿನ ಹನಿ, ಹನಿಯೊಳಗೆ ತಲೆಕೆಳಗಾದ ಆಕಾಶ. ಬಲಗಡೆ ಅದೇ ಬೆಳಗ್ಗೆ ಕೈ ಅಲುಗಿದ್ದನ್ನು ಬರೆದ ರೇಖೆ. ಗರಗಸದ ಹಲ್ಲಿನ ಹಾಗೆ ಅದು ಒಂದೇ ಸಮನೆ ಏರಿ ಇಳಿದಿತ್ತು.

ಧಾರವಾಡದ ಹೊರವಲಯದಲ್ಲಿ, ಕ್ಯಾಮೆರಾದ ಒಳಭಾಗಗಳನ್ನು ರೂಪಿಸುವ ಒಂದು ಪ್ರಯೋಗಾಲಯದಲ್ಲಿ ಅವಳು ಹನ್ನೊಂದು ವರ್ಷದಿಂದ ಎಂಜಿನಿಯರ್. ಹನ್ನೊಂದು ವರ್ಷವೂ ಅವಳಿಗಿದ್ದ ವೈರಿ ಒಂದೇ: ಕೈನಡುಕ. ನಡುಗದ ಕೈ ಎಂಬುದಿಲ್ಲ. ಎಂಥ ಗಟ್ಟಿಗನ ಕೈಯೂ ಸೆಕೆಂಡಿಗೆ ಹತ್ತು ಸಲ ಕೂದಲೆಳೆಯಷ್ಟು ಅಲುಗುತ್ತಲೇ ಇರುತ್ತದೆ. ಬೆಳಕು ಕಡಿಮೆಯಿದ್ದಾಗ ಕ್ಯಾಮೆರಾದ ಕಣ್ಣು ಹೆಚ್ಚು ಹೊತ್ತು ತೆರೆದಿರಬೇಕು. ಅಷ್ಟರಲ್ಲಿ ಕೈ ಅಲುಗಿದರೆ ಚಿತ್ರ ಕಲಸಿಹೋಗುತ್ತದೆ. ಅದಕ್ಕೇ ಕ್ಯಾಮೆರಾದ ಒಳಗೊಂದು ಅಕ್ಕಿಕಾಳಿನಷ್ಟು ಚಿಪ್ ಕುಳಿತು, ಕೈ ಎತ್ತ ವಾಲಿತು, ಎಷ್ಟು ವಾಲಿತು ಎಂದು ಸೆಕೆಂಡಿಗೆ ಸಾವಿರ ಸಲ ಅಳೆಯುತ್ತದೆ. ಅಳೆದದ್ದೇ ತಡ, ಪುಟ್ಟ ಆಯಸ್ಕಾಂತಗಳು ಮಸೂರವನ್ನು ಎದುರು ದಿಕ್ಕಿಗೆ ಸರಿಸುತ್ತವೆ. ಕೈ ಬಲಕ್ಕೆ ಹೋದರೆ ಮಸೂರ ಎಡಕ್ಕೆ.

ಒಮ್ಮೆ ಮನೆಯಲ್ಲಿ ಇದನ್ನೆಲ್ಲ ವಿವರಿಸಿದಾಗ ಅವಳ ಅತ್ತೆ ಗೌರವ್ವ ನಕ್ಕುಬಿಟ್ಟಿದ್ದಳು. "ಇದರಾಗ ದೊಡ್ಡದೇನೈತವಾ? ತಲೀ ಮ್ಯಾಲೆ ಕೊಡಾ ಹೊತ್ತಾಕಿ ನಡಾ ಇದ್ದಂಗ. ಕಾಲು ಅತ್ತಾಗ ಬಿದ್ದರ ನಡಾ ಇತ್ತಾಗ ತೂಗತೈತಿ. ನೀರು ತುಳುಕೂದಿಲ್ಲ." ಅದಕ್ಕಿಂತ ಚೆನ್ನಾಗಿ ಹೇಳಲು ದಾಕ್ಷಾಯಣಿಗೂ ಬರುತ್ತಿರಲಿಲ್ಲ.

ಪ್ರಯೋಗಾಲಯದ ಹೊಸ ಕ್ಯಾಮೆರಾ ಇನ್ನೊಂದು ಹೆಜ್ಜೆ ಮುಂದೆ ಹೋಗಿತ್ತು. ಅದು ತನ್ನ ಒಡೆಯನ ಕೈಯನ್ನು ಕಲಿಯುತ್ತಿತ್ತು. ಈ ಕೈ ಮುಂದಿನ ಕ್ಷಣದಲ್ಲಿ ಹೇಗೆ ಅಲುಗಲಿದೆ ಎಂದು ಮೊದಲೇ ಊಹಿಸಿ ಮಸೂರವನ್ನು ಸರಿಸಿಡುತ್ತಿತ್ತು. ಹಾಗೆ ಕಲಿಯಬೇಕಾದರೆ ಚಿತ್ರ ತೆಗೆಯುವ ಕ್ಷಣವಷ್ಟೇ ಸಾಲದು. ಕ್ಯಾಮೆರಾ ಸುಮ್ಮನೆ ತೊಡೆಯ ಮೇಲಿನ ಕೈಯಲ್ಲಿ ಇದ್ದಾಗಲೂ ಅದು ಅಳೆಯುತ್ತಿರಬೇಕು. ನಾನೂರು ಜನ ಅದನ್ನು ಎರಡು ವರ್ಷ ಬಳಸಲು ಒಪ್ಪಿದ್ದರು. ಅವರ ಹೆಸರಿನ ಜಾಗದಲ್ಲಿ ಒಂದು ಸಂಖ್ಯೆ. ಕೈಯ ರೇಖೆಗಳನ್ನೂ ಚಿತ್ರಗಳನ್ನೂ ಹೋಲಿಸಿ ನೋಡುವುದು ದಾಕ್ಷಾಯಣಿಯ ಕೆಲಸ.

ಇನ್ನೂರ ಹದಿನೇಳರ ರೇಖೆ ಅವಳನ್ನು ತಡೆದು ನಿಲ್ಲಿಸಿದ್ದಕ್ಕೆ ಕಾರಣವಿತ್ತು. ಆ ಕೈ ಕೆಲಸ ಮಾಡುವಾಗ ನಡುಗುತ್ತಿರಲಿಲ್ಲ, ವಿಶ್ರಾಂತಿಯಲ್ಲಿದ್ದಾಗ ನಡುಗುತ್ತಿತ್ತು. ಅದೂ ಸೆಕೆಂಡಿಗೆ ಹತ್ತಲ್ಲ, ಐದೇ ಸಲ, ನಿಧಾನವಾಗಿ, ತಾಳ ತಪ್ಪದೆ. ಹಿಂದಕ್ಕೆ ಸರಿಸುತ್ತ ಹೋದಳು. ಹದಿನಾಲ್ಕು ತಿಂಗಳ ಹಿಂದೆ ಅದು ಗೆರೆಯ ಮೇಲಿನ ಧೂಳಿನಂತೆ ಶುರುವಾಗಿತ್ತು. ಕೈಗಳ ಬಗ್ಗೆ ಓದಬೇಕಾದ್ದನ್ನೆಲ್ಲ ಓದಿದವಳಿಗೆ ಇದರ ಹೆಸರು ಗೊತ್ತಿತ್ತು. ನಮ್ಮ ಹಿರಿಯರು ಕಂಪವಾತ ಎಂದರು, ಡಾಕ್ಟರರು ಪಾರ್ಕಿನ್ಸನ್ ಎನ್ನುತ್ತಾರೆ.

ಪಾಪ, ಯಾರೋ ಏನೋ ಎಂದುಕೊಂಡು ಮುಂದಿನ ಚಿತ್ರ ತೆರೆದಳು.

ಪರದೆಯ ತುಂಬ ಅವಳ ಅತ್ತೆ ಗೌರವ್ವ ನಗುತ್ತಿದ್ದಳು. ಬಲಗಣ್ಣಿನ ಸುತ್ತ ಪಟ್ಟಿ ಅಂಟಿದ್ದ ಗುರುತು, ಕೆನ್ನೆಯ ಮೇಲೆ ಔಷಧದ ಹನಿ, ಹಿಂದೆ ದವಾಖಾನೆಯ ಹಸಿರು ಪರದೆ.

ಮೂರು ತಿಂಗಳ ಹಿಂದೆ ಗೌರವ್ವನ ಬಲಗಣ್ಣಿನ ಪೊರೆ ತೆಗೆದವರು ಡಾಕ್ಟರ್ ವಾಮನರಾವ್ ಗಲಗಲಿ. ಪಟ್ಟಿ ಬಿಚ್ಚಿದ ಗಳಿಗೆಯಲ್ಲಿ ಪ್ರತಿಯೊಬ್ಬ ರೋಗಿಯ ಚಿತ್ರ ತೆಗೆಯುವುದು ಅವರ ಹವ್ಯಾಸ ಎಂದು ಊರಿಗೆಲ್ಲ ಗೊತ್ತು. ಎಡಗಣ್ಣಿನ ಶಸ್ತ್ರಚಿಕಿತ್ಸೆ ಮುಂದಿನ ಗುರುವಾರ. ಒಂಬತ್ತು ದಿನ ಉಳಿದಿತ್ತು.

ಆ ಸಂಜೆ ಮನೆಗೆ ಹೋದಾಗ ಗೌರವ್ವ ಪಡಸಾಲೆಯಲ್ಲಿ ಹರಡಿದ ಕೌದಿಯ ಮೇಲೆ ಕುಳಿತು ಸೂಜಿಗೆ ದಾರ ಪೋಣಿಸುತ್ತಿದ್ದಳು. ಒಮ್ಮೆ ಎಡಗಣ್ಣು ಮುಚ್ಚಿದಳು, ಒಮ್ಮೆ ಬಲಗಣ್ಣು.

"ನೋಡ ಇಲ್ಲೆ, ದಾಕ್ಷಾಯಣಿ. ಈ ಕಣ್ಣಾಗ ಗ್ವಾಡಿ ಬೆಳ್ಳಗ ಸುಣ್ಣ. ಆ ಕಣ್ಣಾಗ ಅದ ಗ್ವಾಡಿ ಚಹಾದ ಬಣ್ಣ. ಇಷ್ಟು ವರ್ಷ ನಮ್ಮ ಮನಿ ಗ್ವಾಡಿನ ಹಿಂಗ ಅಂದ್ಕೊಂಡಿದ್ದೆ ನಾನು."

"ಅತ್ತೀ, ಎಡಗಣ್ಣು ಇನ್ನೆರಡು ತಿಂಗಳು ಬಿಟ್ಟು ಮಾಡಿಸೋಣೇನ್ರಿ?"

"ಯಾಕ?"

ದಾಕ್ಷಾಯಣಿ ಕೌದಿಯ ಮಡಿಕೆ ಸರಿಮಾಡತೊಡಗಿದಳು. ಗೌರವ್ವ ದಾರದ ತುದಿಯನ್ನು ನಾಲಿಗೆಗೆ ತಾಗಿಸಿ ಹೊಸೆದಳು. "ಆ ಡಾಕ್ಟರ್ ಕೈ ಅಂದ್ರ ಹೂವವ್ವಾ. ಕಣ್ಣಾಗ ಕೈ ಹಾಕ್ಯಾರ ಅಂತ ಗೊತ್ತ ಆಗಲಿಲ್ಲ ನನಗ. ನೀ ಏನರ ಸುದ್ದಿ ಕೇಳಿ ಅಂಜಬ್ಯಾಡ."

ಮರುದಿನ ಅವಳು ಪ್ರಯೋಗಾಲಯದ ಮುಖ್ಯಸ್ಥ ಶ್ರೀಕಾಂತ ಕಿತ್ತೂರರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಕಿತ್ತೂರರು ಕೆಟ್ಟವರಲ್ಲ. ರೇಖೆಯನ್ನು ಎರಡೆರಡು ಸಲ ನೋಡಿದರು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮೇಡಂ, ನಾವು ಡಾಕ್ಟರ್ರೇನ್ರಿ? ನೀವು ತಪ್ಪಿದ್ರ? ಒಬ್ಬ ಸರ್ಜನ್ನಗ ನಿನ್ನ ಕೈ ಹೋತು ಅಂತ ಹೇಳೂದು ಅಂದ್ರ, ಅವನ ಜೀವಾನ ಹೋತು ಅಂದಂಗ."

"ತಪ್ಪಿರದಿದ್ರ, ಸರ್?"

"ನಾನೂರು ಮಂದಿಗೆ ಮಾತು ಕೊಟ್ಟೀವಿ. ನಿಮ್ಮ ಕೈ ವಿಷಯ ಯಾರಿಗೂ ಹೇಳೂದಿಲ್ಲ ಅಂತ ಸಹಿ ಮಾಡಿ ಕೊಟ್ಟೀವಿ."

"ಅವರಿಗೇ ಹೇಳೂದಿಲ್ಲ ಅಂತನೂ ಕೊಟ್ಟೀವೇನ್ರಿ?"

ಕಿತ್ತೂರರು ಕಿಟಕಿಯ ಕಡೆ ತಿರುಗಿದರು. ಆಮೇಲೆ ಮೆಲ್ಲಗೆ, "ಅದು ಕೈ ಅಲ್ರಿ, ಅಂಕಿ. ಅಂಕಿ ಅಂತನ ನೋಡ್ರಿ. ಇಲ್ಲಂದ್ರ ಈ ಕೆಲಸ ಮಾಡಾಕ ಆಗೂದಿಲ್ಲ," ಎಂದರು.

ಅಂಕಿ ಎಂದೇ ನೋಡೋಣವೆಂದು ಅವಳು ಆ ಮಧ್ಯಾಹ್ನ ನಾನೂರು ಕೈಗಳನ್ನೂ ಒಂದೇ ಜರಡಿಯಲ್ಲಿ ಹಾಕಿ ಸೋಸಿದಳು. ಇನ್ನೂರ ಹದಿನೇಳನ್ನು ಹೋಲುವ ಇನ್ನೂ ಹದಿನಾಲ್ಕು ರೇಖೆಗಳು ಉಳಿದವು. ಕಂಪ್ಯೂಟರ್ ಆರಿಸಿ ಕುಳಿತಳು. ಆ ಹದಿನಾಲ್ಕು ಜನ ಈಗ ಎಲ್ಲೋ ಮದುವೆಯ, ಮಕ್ಕಳ, ಸೂರ್ಯಾಸ್ತದ ಚಿತ್ರ ತೆಗೆಯುತ್ತಿರಬಹುದು. ಚಿತ್ರಗಳೆಲ್ಲ ಚೆನ್ನಾಗಿಯೇ ಬರುತ್ತಿರಬೇಕು.

ಇನ್ನೂರ ಹದಿನೇಳು ಭಾನುವಾರ ಬೆಳಿಗ್ಗೆ ಎಲ್ಲಿರುತ್ತದೆ ಎಂಬುದು ಅವಳಿಗೆ ಚಿತ್ರಗಳಿಂದಲೇ ಗೊತ್ತಿತ್ತು. ಹಾಗೆ ಗೊತ್ತಾಗಿದ್ದಕ್ಕೆ ಅವಳಿಗೆ ಕಳ್ಳತನದ ಅಳುಕಿತ್ತು. ಆದರೂ ಹೋದಳು.

ಊರ ಹೊರಗಿನ ಕೆರೆಯ ಏರಿಯ ಮೇಲೆ, ಮಡಚುವ ಕುರ್ಚಿಯಲ್ಲಿ ಡಾಕ್ಟರ್ ಗಲಗಲಿ ಒಬ್ಬರೇ ಕುಳಿತಿದ್ದರು. ಅರವತ್ತರ ಆಸುಪಾಸು, ತಲೆಗೆ ಉಣ್ಣೆಯ ಟೊಪ್ಪಿಗೆ, ತೊಡೆಯ ಮೇಲೆ ಕ್ಯಾಮೆರಾ. ಬಲಗೈ ಕ್ಯಾಮೆರಾದ ಮೇಲೆ ಒರಗಿತ್ತು. ಹೆಬ್ಬೆರಳು ತೋರುಬೆರಳಿಗೆ ತಾಗಿ, ಹತ್ತಿಯ ಬತ್ತಿ ಹೊಸೆಯುವಂತೆ ಉರುಳುತ್ತಿತ್ತು. ದಾಕ್ಷಾಯಣಿ ಆವರೆಗೆ ಅದನ್ನು ರೇಖೆಯಾಗಿಯೇ ನೋಡಿದ್ದಳು. ಈಗ ಕಣ್ಣೆದುರಿಗೆ ಬೆರಳೇ ಇತ್ತು.

ಅವಳ ದೃಷ್ಟಿ ಎಲ್ಲಿದೆಯೆಂದು ಕಂಡು ಡಾಕ್ಟರು ಎಡಗೈಯನ್ನು ಬಲಗೈಯ ಮೇಲಿಟ್ಟರು. "ಗೌರವ್ವನ ಸೊಸಿ ಅಲ್ಲೇನ್ರಿ ನೀವು? ಇಷ್ಟು ಬೆಳಿಗ್ಗೆ ಇಲ್ಲೆ ಹೆಂಗ?"

ಅವಳು ನಿಂತುಕೊಂಡೇ ಹೇಳಿದಳು. ತಾನು ಯಾರು, ಆ ಕ್ಯಾಮೆರಾ ಏನೇನು ಬರೆದಿಡುತ್ತದೆ, ತಾನು ಏನು ಕಂಡೆ ಎಂದು. ಹೇಳುವಷ್ಟು ಹೊತ್ತೂ ಅವರು ನೀರಿನ ಕಡೆಗೇ ನೋಡುತ್ತಿದ್ದರು.

"ಅಂದ್ರ," ಎಂದರು ಕೊನೆಗೆ, "ಎರಡು ವರ್ಷ ನೀವು ನನ್ನ ಕೈಯೊಳಗ ಕೂತು ನೋಡೀರಿ."

"ಹೌದ್ರಿ."

"ಚಿತ್ರಕ್ಕಂತ ಒಪ್ಪಿದ್ದೆ. ಇದಕ್ಕ ನನ್ನ ಕೇಳಿರಲಿಲ್ಲ."

"ಹೌದ್ರಿ. ತಪ್ಪಾತ್ರಿ."

ಅವರು ಸಟ್ಟನೆ ಬಲಗೈಯನ್ನು ಮುಂದಕ್ಕೆ ಚಾಚಿದರು. ಕೈ ಕಂಬದಂತೆ ನಿಂತಿತು. "ನೋಡ್ರಿ. ನಡುಗ್ತದೇನು? ಸುಮ್ಮನ ಇಟ್ಟಾಗ ಒಂದೀಟು ಆಡ್ತದ. ಚಳೀಗೆ ಅಂದ್ಕೊಂಡೆ. ಆಮ್ಯಾಲೆ ಚಹಾ ಹೆಚ್ಚಾತು ಅಂದ್ಕೊಂಡೆ. ಆಮ್ಯಾಲೆ ವಯಸ್ಸು. ಆದ್ರ ಕೆಲಸಕ್ಕ ಎತ್ತಿದ್ರ ನಿಂದರ್ತದ. ಮೂವತ್ತಾರು ವರ್ಷ ನಿಂತದ."

ದಾಕ್ಷಾಯಣಿ ಚೀಲದಿಂದ ರೇಖೆ ಇದ್ದ ಕಾಗದವನ್ನು ತೆಗೆಯಲಿಲ್ಲ. ಅದರಲ್ಲಿ ಕಳೆದ ಎರಡು ತಿಂಗಳಿಂದ ಬಂದು ಸೇರಿದ್ದ ಹೊಸದೊಂದು ಸಂಗತಿಯಿತ್ತು. ಅದನ್ನು ಬಾಯಲ್ಲಿ ಹೇಳುವ ಧೈರ್ಯ ಅವಳಿಗಾಗಲಿಲ್ಲ.

"ಹಂಗ ಹಿಡಕೊಂಡ ಇರ್ರಿ ಸರ್," ಎಂದಳಷ್ಟೆ. "ಇಳಿಸಬ್ಯಾಡ್ರಿ."

ಇಬ್ಬರೂ ಆ ಕೈಯನ್ನು ನೋಡುತ್ತ ನಿಂತರು. ಕೆರೆಯ ಆಚೆ ದಂಡೆಯಲ್ಲಿ ಯಾರೋ ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು. ಐದು ಸೆಕೆಂಡ್. ಏಳು. ಡಾಕ್ಟರ ಮುಖದಲ್ಲಿ ಗೆದ್ದ ಛಾಯೆ ಮೂಡುತ್ತಿತ್ತು. ಹತ್ತನೆಯ ಸೆಕೆಂಡಿಗೆ ಹೆಬ್ಬೆರಳು ಒಮ್ಮೆ ಮಿಸುಕಿತು. ಮತ್ತೊಮ್ಮೆ. ಆಮೇಲೆ ಇಡೀ ಕೈ, ಯಾರೋ ಒಳಗಿನಿಂದ ತಂತಿ ಮೀಟಿದ ಹಾಗೆ, ನಿಧಾನವಾಗಿ ತಾಳ ಹಿಡಿಯಿತು.

ಅವರು ಅದನ್ನು ಬೇರೆ ಯಾರದೋ ಕೈ ಎಂಬಂತೆ ನೋಡಿದರು. ಕಣ್ಣಿನ ಪೊರೆ ತೆಗೆಯಲು ಎಷ್ಟು ಹೊತ್ತು ಬೇಕೆಂದು ಅವರಿಗೆ ಯಾರೂ ಹೇಳಬೇಕಿರಲಿಲ್ಲ.

"ಇಷ್ಟು ಚಿತ್ರಾ ತೆಗದೆ," ಎಂದರು. "ಒಂದಾದ್ರೂ ಚಿತ್ರ ನನಗ ಹೇಳಲಿಲ್ಲಲ್ಲ."

"ಹೇಳಬಾರದು ಅಂತನ ಅದನ್ನ ಮಾಡಿದ್ದು ನಾವು."

ಅವರು ಕ್ಯಾಮೆರಾವನ್ನು ಅವಳಿಗೆ ಕೊಟ್ಟರು. "ಅದನ್ನ ಬಂದ್ ಮಾಡಿಕೊಡ್ರಿ. ಆ ಮಸೂರ ಸರಸೂದನ್ನ." ಅವಳು ಮಾಡಿಕೊಟ್ಟಳು. ಅವರು ಕಣ್ಣಿಗಿಟ್ಟು, ದೂರದ ಹಕ್ಕಿಗೆ ಗುರಿ ಹಿಡಿದು ಬಹಳ ಹೊತ್ತು ಕಾದು ಗುಂಡಿ ಒತ್ತಿದರು. ಪರದೆಯ ಮೇಲೆ ಬಂದದ್ದು ನೀರೋ ಹಕ್ಕಿಯೋ ತಿಳಿಯದ ಬೂದು ಬಣ್ಣದ ಗೀಚು. ಅವರು ಅದನ್ನು ಅಳಿಸಲಿಲ್ಲ. ಕುರ್ಚಿ ಮಡಚಿ, ಅವಳ ಕಡೆ ತಿರುಗದೆ ಏರಿಯಿಳಿದು ಹೋದರು.

ಸೋಮವಾರದಿಂದ ಡಾಕ್ಟರ್ ಗಲಗಲಿ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಕತ್ತಿ ಹಿಡಿಯಲಿಲ್ಲ. ಹುಬ್ಬಳ್ಳಿಯ ನರರೋಗ ತಜ್ಞರು ನೋಡಿ, ಹೌದು ಎಂದರು. ಗುರುವಾರ ಗೌರವ್ವ ಮೇಜಿನ ಮೇಲೆ ಮಲಗಲು ಹೋದಾಗ ಡಾಕ್ಟರೇ ಅವಳ ಪಕ್ಕ ಕುಳಿತು ಸಂಗತಿ ತಿಳಿಸಿದರು. ತಮ್ಮ ಕೈಕೆಳಗೆ ಕಲಿತ ಡಾಕ್ಟರ್ ಪದ್ಮಜಾ ಮಾಡುತ್ತಾಳೆ, ತಾವು ಪಕ್ಕದಲ್ಲೇ ನಿಂತಿರುತ್ತೇವೆ ಎಂದರು. ಗೌರವ್ವ ಎದ್ದು ಕುಳಿತುಬಿಟ್ಟಳು.

"ನನಗ ಒಂದು ಕಣ್ಣು ಕೊಟ್ಟ ಕೈ ಐತ್ರಿ ಅದು. ನಡುಗಿದ್ರ ನಡುಗಲಿ, ನೀವ ಮಾಡ್ರಿ."

"ಗೌರವ್ವ, ನಾ ಮಾಡಿದ್ರ, ಕೊಟ್ಟಿದ್ದನ್ನ ನಾನ ಕಸಗೊಂಡಂಗ ಆಗ್ತದ."

ಅವಳು ಒಪ್ಪಿದಳು. ಕಣ್ಣು ಚೆನ್ನಾಗಿಯೇ ಆಯಿತು. ಆದರೆ ಮನೆಗೆ ಬಂದ ಮೇಲೆ ಒಂದು ವಾರ ಸೊಸೆಯ ಜೊತೆ ಮಾತಾಡಲಿಲ್ಲ. ಎಂಟನೆಯ ದಿನ ತಟ್ಟೆಗೆ ರೊಟ್ಟಿ ಹಾಕುತ್ತ, "ನೀ ಮಾಡಿದ್ದು ಖರೇನ ಐತಿ," ಎಂದಳು. "ಆದ್ರ ಆ ಮನುಷ್ಯಾ ಬಾಗಲದಾಗ ನಿಂತು ಕೈ ನೋಡಕೊಳ್ಳೂದು ನೋಡಿದೆ ನಾನು. ಎರಡೂ ಕಣ್ಣು ಬಂದು ಮೊದಲ ನೋಡಿದ್ದು ಅದನ್ನ."

ದಾಕ್ಷಾಯಣಿಯ ತಟ್ಟೆಯಲ್ಲಿ ರೊಟ್ಟಿ ಹಾಗೇ ಆರಿತು.

ಸಂಗತಿ ಪ್ರಯೋಗಾಲಯದ ಹೊರಗೂ ಹೋಯಿತು. ಅವಳಿಗೆ ನೋಟೀಸು ಬಂದಿತು, ವಿಚಾರಣೆ ನಡೆಯಿತು. ಕೆಲಸ ಹೋಗಲಿಲ್ಲ. ಹೋಗದಿದ್ದುದಕ್ಕೆ ಕಾರಣ ದಯೆಯಲ್ಲ. ಕಸವೆಂದು ಎಸೆಯುತ್ತಿದ್ದ ನಡುಕವೇ ಚಿತ್ರಕ್ಕಿಂತ ಬೆಲೆಯುಳ್ಳದ್ದು ಎಂದು ಮೇಲಿನವರಿಗೆ ಹೊಳೆದಿತ್ತು. ಒಂದೇ ವರ್ಷದಲ್ಲಿ ಆ ಕ್ಯಾಮೆರಾ 'ಕೈ ಓದುವ' ಸೌಲಭ್ಯದೊಂದಿಗೆ ಅಂಗಡಿಗೆ ಬಂದಿತು. ಹಲವರಿಗೆ ಅದರಿಂದ ಒಳ್ಳೆಯದಾಯಿತು, ಅದನ್ನೂ ಹೇಳಬೇಕು. ಮುಧೋಳದ ಶಿಕ್ಷಕಿಯೊಬ್ಬಳು ಮೂರು ವರ್ಷ ಮುಂಚಿತವಾಗಿ ಚಿಕಿತ್ಸೆ ಶುರುಮಾಡಿಸಿಕೊಂಡಳು. ಆದರೆ ಅದರ ಹಿಂದೆಯೇ ಬಸ್ಸಿನ ಡಿಪೋಗಳಲ್ಲಿ ಚಾಲಕರು ಬೆಳಿಗ್ಗೆ ಅರ್ಧ ನಿಮಿಷ ಕ್ಯಾಮೆರಾ ಹಿಡಿದು ನಿಲ್ಲಬೇಕಾಯಿತು. ಹುಡುಗನನ್ನು ನೋಡಲು ಬಂದವರು, "ನಮ್ಮದೊಂದು ಫೋಟೋ ತೆಗೀಪಾ," ಎಂದು ನಗುತ್ತ ಕ್ಯಾಮೆರಾ ಅವನ ಕೈಗಿಡತೊಡಗಿದರು. ಹಳೆಯ ಕ್ಯಾಮೆರಾಗಳಿಗೆ ಬೇಡಿಕೆ ಬಂದಿತು. ಕೈಯನ್ನೇ ನಂಬಿ ಬದುಕುವ ಅಕ್ಕಸಾಲಿಗರು ಮನೆಯ ಸಮಾರಂಭಗಳಲ್ಲಿ ಯಾರ ಚಿತ್ರವನ್ನೂ ತೆಗೆಯದಾದರು.

ದಾಕ್ಷಾಯಣಿ ಇದನ್ನೆಲ್ಲ ಪತ್ರಿಕೆಯಲ್ಲಿ ಓದಿ ಮಡಚಿಡುತ್ತಿದ್ದಳು. ಒಬ್ಬ ಮನುಷ್ಯನಿಗೆ ಅವನ ಕೈಯ ವಿಷಯ ಹೇಳಲು ಹೋಗಿ ತಾನು ಎಲ್ಲರ ಕೈಯನ್ನೂ ಬೀದಿಗಿಟ್ಟೆನೇ ಎಂಬ ಪ್ರಶ್ನೆ ಅವಳನ್ನು ಬಿಡಲಿಲ್ಲ.

ಒಂದು ಕೆಲಸವನ್ನು ಮಾತ್ರ ಅವಳು ಹಟ ಹಿಡಿದು ಮಾಡಿಸಿದಳು. ಮೇಲಿನವರು ಮೊದಲ ನಾನೂರು ಜನರ ರೇಖೆಗಳನ್ನೂ ಮಾರಲು ಹೊರಟಿದ್ದರು; ಅದಕ್ಕೆ ಮುಂಚೆ ಪ್ರತಿಯೊಬ್ಬರಿಗೂ ಒಂದು ಪತ್ರ ಹೋಗಬೇಕು. ಅದರಲ್ಲಿ ಒಂದೇ ಪ್ರಶ್ನೆ: ನಿಮ್ಮ ಕೈ ಏನು ಹೇಳುತ್ತಿದೆಯೆಂದು ನಿಮಗೆ ತಿಳಿಯಬೇಕೆ? ಬೇಡವೆಂದವರ ರೇಖೆಯನ್ನು ಯಾರಿಗೂ ಕೊಡದೆ ಅಳಿಸಬೇಕು. ಈ ಸಲ ಕಿತ್ತೂರರು ಅವಳ ಪರವಾಗಿ ನಿಂತರು. ಪತ್ರವನ್ನು ತಿದ್ದಿಕೊಟ್ಟವರು ಡಾಕ್ಟರ್ ಗಲಗಲಿ. ಕೆರೆಯ ಬೆಳಗಿನ ನಂತರ ಆರು ತಿಂಗಳು ಅವಳೊಡನೆ ಮಾತು ಬಿಟ್ಟಿದ್ದವರು, ಅವಳು ಕಳಿಸಿದ್ದ ಕರಡು ಓದಿ ತಾವಾಗಿಯೇ ಫೋನ್ ಮಾಡಿ, "ಆ ಪತ್ರದಾಗ 'ರೋಗ' ಅನ್ನೂ ಶಬ್ದ ಮೊದಲನೇ ಸಾಲಿನೊಳಗ ಹಾಕಬ್ಯಾಡ್ರಿ," ಎಂದಿದ್ದರು. ಅವರು ಈಗ ಹುಡುಗರಿಗೆ ಕಣ್ಣಿನ ಶಾಸ್ತ್ರ ಕಲಿಸುತ್ತಿದ್ದರು.

ಉತ್ತರಗಳು ಬಂದವು. ಆ ಹದಿನಾಲ್ಕು ಜನರಲ್ಲಿ ಹತ್ತು ಜನ ಬೇಡ ಎಂದರು. ಮೂವರು ಬರೆಯಲೇ ಇಲ್ಲ. ಬೇಡವೆಂದ ಒಬ್ಬ ಮುದುಕ ಕೆಳಗೆ ಎರಡು ಸಾಲು ಸೇರಿಸಿದ್ದ: "ಗೊತ್ತಾಗೂ ದಿನ ಗೊತ್ತಾಗಲಿ. ಅಲ್ಲೀತನಕ ಮೊಮ್ಮಕ್ಕಳ ಚಿತ್ರಾ ತೆಗೀತೀನಿ." ದಾಕ್ಷಾಯಣಿ ಅವನ ರೇಖೆಯನ್ನು ಕೊನೆಯ ಸಲ ನೋಡಿದಳು. ಅವನಿಗೆ ಗೊತ್ತಿಲ್ಲದ್ದು ಅವಳಿಗೆ ಗೊತ್ತಿತ್ತು. ಅಳಿಸುವ ಗುಂಡಿ ಒತ್ತುವಾಗ ಅವಳ ಕೈಯೇ ಒಂದು ಗಳಿಗೆ ತಡೆಯಿತು. ಆಮೇಲೆ ಒತ್ತಿದಳು.

ಹೌದು ಎಂದವಳು ಒಬ್ಬಳೇ. ಲಕ್ಷ್ಮೇಶ್ವರದ ಮೆಹರುನ್ನೀಸಾ, ಮೂವತ್ತೊಂಬತ್ತು ವರ್ಷ, ಮದುವೆಯ ಚಿತ್ರ ತೆಗೆಯುವವಳು. ಮನೆ ನಡೆಯುವುದೇ ಅದರಿಂದ. ಅವಳನ್ನು ಪ್ರಯೋಗಾಲಯಕ್ಕೆ ಕರೆಯುವುದು ಬೇಡವೆಂದು ಡಾಕ್ಟರು ತಮ್ಮ ಮನೆಗೇ ಕರೆಸಿದರು. ನರರೋಗ ತಜ್ಞರ ವರದಿ ಆಗಲೇ ಬಂದಿತ್ತು. ದಾಕ್ಷಾಯಣಿ ಅದನ್ನು ಕೈಯಲ್ಲಿ ಹಿಡಿದು ಕುಳಿತಿದ್ದಳು, ಮಡಿಕೆ ಬಿಚ್ಚಿರಲಿಲ್ಲ. ಮೆಹರುನ್ನೀಸಾ ಎದುರಿಗೆ ಕುಳಿತಿದ್ದಳು. ಬಲಗೈ ಸೆರಗಿನೊಳಗಿತ್ತು.

ಆಗ ಡಾಕ್ಟರು ತಮ್ಮ ಕೈಯನ್ನು ಮೇಜಿನ ಮೇಲೆ, ಚಹಾದ ಕಪ್ಪಿನ ಪಕ್ಕ ತಂದಿಟ್ಟರು. ಮುಚ್ಚಲಿಲ್ಲ, ಒತ್ತಿ ಹಿಡಿಯಲಿಲ್ಲ. ಕೈ ತನ್ನ ಪಾಡಿಗೆ ನಡುಗಿತು. ಕಪ್ಪಿನಲ್ಲಿದ್ದ ಚಹಾದ ಮೇಲೆ ಸಣ್ಣ ಸಣ್ಣ ಅಲೆ ಎದ್ದವು.

ಮೆಹರುನ್ನೀಸಾ ಬಹಳ ಹೊತ್ತು ಅದನ್ನೇ ನೋಡಿದಳು. "ನಂದೂ ಇದ ಏನ್ರಿ?"

"ಹೌದವಾ, ಇದ."

"ನೋವಾಗತೈತೇನ್ರಿ?"

"ನೋವಿಲ್ಲ. ನಾಚಿಕಿ ಆಗ್ತದ. ಮೊದಲೊಂದು ವರ್ಷ."

ಅವಳು ಅಳಬಹುದೆಂದು ದಾಕ್ಷಾಯಣಿ ಕಾದಳು. ಮೆಹರುನ್ನೀಸಾ ಅಳಲಿಲ್ಲ. ಸೆರಗಿನೊಳಗಿಂದ ಕೈಯನ್ನು ತೆಗೆದು ಮೇಜಿನ ಆಚೆ ತುದಿಯಲ್ಲಿಟ್ಟಳು. ಅದು ಡಾಕ್ಟರ ಕೈಗಿಂತ ಸ್ವಲ್ಪ ಬೇಗ ನಡುಗುತ್ತಿತ್ತು.

"ನಾ ಬಿಡಬೇಕೇನ್ರಿ ಈ ಉದ್ಯೋಗ? ನಿಮ್ಮಂಗ?"

ಡಾಕ್ಟರು ಒಮ್ಮೆ ದಾಕ್ಷಾಯಣಿಯ ಮುಖ ನೋಡಿದರು. ಅವರ ಧ್ವನಿಯಲ್ಲಿ ಹಳೆಯ ಸಿಟ್ಟು ಹುಡುಕಿದರೂ ಸಿಗುವಂತಿರಲಿಲ್ಲ.

"ನನ್ನ ಕತ್ತಿಗೆ ಮಸೂರ ಇರಲಿಲ್ಲವಾ. ನಾ ನಡುಗಿದ್ರ ಅದೂ ನಡುಗ್ತಿತ್ತು. ನಿನ್ನ ಕ್ಯಾಮೆರಾ ಹಂಗಲ್ಲ. ನೀ ಅತ್ತಾಗ ವಾಲಿದ್ರ ಅದು ಇತ್ತಾಗ ವಾಲ್ತದ. ಗುಳಿಗಿ ನೀ ತಪ್ಪದ ತೊಗೊ. ಚಿತ್ರದ ಕೆಲಸ ಅದು ಇನ್ನೂ ಭಾಳ ವರ್ಷ ನೋಡಕೋತದ. ಏನ್ರಿ ದಾಕ್ಷಾಯಣಿಯವರ, ಹೌದಲ್ರಿ?"

"ಹೌದ್ರಿ," ಎಂದಳು ದಾಕ್ಷಾಯಣಿ. ಹನ್ನೆರಡು ವರ್ಷದ ಕೆಲಸದಲ್ಲಿ ಅವಳು ಇಷ್ಟು ನಂಬಿ ಹೇಳಿದ ಮಾತು ಇನ್ನೊಂದಿರಲಿಲ್ಲ. "ಹದಿನೈದು ವರ್ಷಕ್ಕ ಅಡ್ಡಿ ಇಲ್ಲ. ಆಮ್ಯಾಲೆ ನಾ ಹೊಸದು ಮಾಡಿಕೊಡ್ತೀನಿ."

ಮೆಹರುನ್ನೀಸಾ ಬೆರಳೆಣಿಸಿ ಲೆಕ್ಕ ಹಾಕಿದಳು. ಆಮೇಲೆ ಎದ್ದು, ಕುರ್ಚಿಯ ಬೆನ್ನಿಗೆ ನೇತುಹಾಕಿದ್ದ ಚೀಲವನ್ನು ನಡುಗುವ ಕೈಯಿಂದಲೇ ಹೆಗಲಿಗೇರಿಸಿಕೊಂಡಳು.

"ನಾಳೆ ಶಿಗ್ಗಾವಿಯೊಳಗ ಒಂದು ಮದುವಿ ಐತ್ರಿ. ಮುಂಜಾನೆ ಆರಕ್ಕ ಬಾ ಅಂದಾರ," ಎಂದಳು. "ಹೋಗ್ಲೇನ್ರಿ?"

"ಹೋಗವಾ," ಎಂದರು ಡಾಕ್ಟರು. "ಹೋಗಿ ಬಾ."